ದೊಡ್ಡ ಟಿವಿಯಲ್ಲಿ ಮಾವನವರು

ಸಂಶಯದ ಸ್ವಭಾವ ಹುಟ್ಟಿನಿಂದ ಬರುತ್ತದೆಂದು ಜನ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ನೌಕರಿಯಿಂದ ಬಂದದ್ದು. ನಾನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬು ತೂಗುವ ಕಾಟಾದ ಗುಮಾಸ್ತ. ಟ್ರ್ಯಾಕ್ಟರ್ ಬಂದು ಕಾಟಾದ ಮೇಲೆ ನಿಂತಾಗ ರೈತ ನನ್ನ ಮುಖ ನೋಡುತ್ತಾನೆ, ನಾನು ಅವನ ಟ್ರಾಲಿಯ ತಳ ನೋಡುತ್ತೇನೆ. ನಾನು ತೂಕ ಹೊಡೆಯುತ್ತೇನೆಂದು ಅವನ ಗುಮಾನಿ, ಅವನು ಕಬ್ಬಿನ ನಡುವೆ ಕಲ್ಲು ಇಟ್ಟಿದ್ದಾನೆಂದು ನನ್ನ ಗುಮಾನಿ. ಹೀಗೆ ಪರಸ್ಪರ ಗೌರವದಿಂದ ಸಂಶಯಪಡುತ್ತ ಹಂಗಾಮು ಮುಗಿಸುತ್ತೇವೆ. ಆದರೆ ಈ ಅಭ್ಯಾಸ ಕಾರ್ಖಾನೆಯ ಗೇಟಿನ ಹತ್ತಿರ ನಿಲ್ಲದೆ ಸಂಜೆ ನನ್ನ ಜೊತೆ ಮೂಡಲಗಿಯ ಮನೆಗೂ ಬರುತ್ತದೆ. ಹಾಲಿನವನ ಎದುರಿಗೇ ಹಾಲಿನಲ್ಲಿ ಬೆರಳು ಅದ್ದಿ ನೋಡುತ್ತೇನೆ. ನೆಂಟರು ಬಂದು "ಹಂಗ ಸುಮ್ನ ಬಂದ್ವಿ" ಎಂದರೆ, ಅವರು ತಿರುಗಿ ಬಸ್ ಹತ್ತುವವರೆಗೂ ನನಗೆ ಸಮಾಧಾನವಿರುವುದಿಲ್ಲ. ಸುಮ್ಮನೆ ಯಾರಾದರೂ ಬರುತ್ತಾರೆಯೇ?

ಇಂಥ ನಾನು ಇಪ್ಪತ್ತೊಂಬತ್ತು ಇಂಚಿನ ಟಿವಿ ಕೊಂಡೆ. ಅದಕ್ಕೆ ಕಾರಣ ನನ್ನ ಹೆಂಡತಿ ಶಾಂತಾ. ಅವಳ ತವರು ಹುಕ್ಕೇರಿ ಕಡೆಯ ಕಣಗಲಾ. ನಮ್ಮ ಮದುವೆ ಅಲ್ಲಿಯೇ ಆಯಿತು. ಮದುವೆಗೆ ವಿಡಿಯೋ ತೆಗೆಸುವುದು ಆಗಿನ್ನೂ ಹೊಸದು. ಮಾವನವರು ಹಟ ಹಿಡಿದು ಹುಕ್ಕೇರಿಯಿಂದ ವಿಡಿಯೋದವನನ್ನು ಕರೆಸಿದ್ದರು. ಮದುವೆಯಾದ ಮರುವರ್ಷವೇ ಅವರು ತೀರಿಕೊಂಡರು. ಅವರ ಫೋಟೋ ಗೋಡೆಯ ಮೇಲಿತ್ತು. ಆದರೆ ಅವರು ನಡೆದಾಡುವುದು, ಯಾರನ್ನೋ ಊಟಕ್ಕೆ ಕರೆಯುವುದು, ಹೆಗಲ ಮೇಲಿನ ಟಾವೆಲ್ಲಿನಿಂದ ಬೆವರು ಒರೆಸಿಕೊಳ್ಳುವುದು ಇದ್ದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ನಮ್ಮ ಹಳೆಯ ಕಪ್ಪುಬಿಳುಪು ಟಿವಿಯಲ್ಲಿ ಅವರು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. "ದೊಡ್ಡ ಟಿವಿ ಆದ್ರ ಅಪ್ಪ ದೊಡ್ಡಾಂವಾಗಿ ಕಾಣಸ್ತಾನ" ಎಂದು ಶಾಂತಾ ವರ್ಷಗಟ್ಟಲೆ ಹೇಳುತ್ತಿದ್ದಳು. ಬೇರೆ ಯಾವ ಬೇಡಿಕೆ ಇಟ್ಟರೂ ಅದರ ಹಿಂದೆ ಏನೋ ಇದೆ ಎಂದು ಯೋಚಿಸುವ ನಾನು ಈ ಮಾತಿಗೆ ಮಾತ್ರ ದುಡ್ಡು ಕೂಡಿಸಿಕೊಂಡು ಗೋಕಾಕಕ್ಕೆ ಹೋದೆ.

ಅಂಗಡಿಯಲ್ಲಿ ಆ ಟಿವಿ ಸ್ವರ್ಗವನ್ನೇ ತೋರಿಸಿತು. ನೀಲಿ ನೀರು, ಅದರೊಳಗೆ ಬಣ್ಣಬಣ್ಣದ ಮೀನು, ಮೀನಿನ ಮೈಮೇಲಿನ ಒಂದೊಂದು ಹುರುಪೆಯನ್ನೂ ಎಣಿಸಬಹುದಿತ್ತು. ಟೆಂಪೋದಲ್ಲಿ ಹೇರಿಸಿ, ನಾನೂ ಅದರ ಪಕ್ಕದಲ್ಲೇ ಕುಳಿತು, ದಾರಿಯಲ್ಲಿ ಯಾರೂ ಬದಲಾಯಿಸದಂತೆ ಡಬ್ಬಿಯ ಮೇಲೆ ಕೈ ಇಟ್ಟುಕೊಂಡೇ ಮನೆಗೆ ತಂದೆ. ಶಾಂತಾ ಟಿವಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದಳು. ನಾನು ವಿಸಿಆರ್ ಜೋಡಿಸಿ ಕ್ಯಾಸೆಟ್ ಹಾಕಿದೆ.

ಮಾವನವರು ದೊಡ್ಡವರಾಗಿ ಬಂದರು, ಅದು ನಿಜ. ಆದರೆ ಅವರ ಮುಖ ಜೋಳದ ನುಚ್ಚು ಚೆಲ್ಲಿದಂತೆ ಚುಕ್ಕೆ ಚುಕ್ಕೆಯಾಗಿತ್ತು. ಮೀಸೆ ಇದ್ದ ಜಾಗದಲ್ಲಿ ಒಂದು ಕಪ್ಪು ಪಟ್ಟೆ ಅಲುಗಾಡುತ್ತಿತ್ತು. ಟಾವೆಲ್ಲು ಯಾವುದು, ಹೆಗಲು ಯಾವುದು ತಿಳಿಯುತ್ತಿರಲಿಲ್ಲ. ಶಾಂತಾ ಸ್ವಲ್ಪ ಹೊತ್ತು ನೋಡಿದಳು. "ಸಣ್ಣ ಟಿವ್ಯಾಗ ಅಪ್ಪ ಅಂತಾದ್ರೂ ಅನಸ್ತಿದ್ದ" ಎಂದು ಎದ್ದು ಒಳಗೆ ಹೋದಳು.

ಆ ಮಾತು ನನಗೆ ನಾಟಿತು. ರಿಮೋಟ್ ಹಿಡಿದು ಕುಳಿತೆ. ಮೆನುವಿನಲ್ಲಿ 'ಶಾರ್ಪ್‌ನೆಸ್' ಎಂದಿತ್ತು. ಶಾರ್ಪ್ ಎಂದರೆ ಚೂಪು ತಾನೆ? ಚಿತ್ರ ಮಸುಕಾಗಿದ್ದರೆ ಅದನ್ನು ಚೂಪು ಮಾಡಬೇಕು ಎಂದು ಪೂರ್ತಿ ಏರಿಸಿದೆ. ಮಾವನವರ ಸುತ್ತಲೂ ಬಿಳಿ ಗೆರೆ ಮೂಡಿ, ಅವರನ್ನು ಕತ್ತರಿಯಿಂದ ಕತ್ತರಿಸಿ ಅಂಟಿಸಿದಂತಾಯಿತು. ಕಾಂಟ್ರಾಸ್ಟ್ ಏರಿಸಿದೆ. ಮದುವೆಗೆ ಬಂದವರೆಲ್ಲ ಇದ್ದಿಲಂಗಡಿಯಿಂದ ಎದ್ದು ಬಂದವರಂತೆ ಕಂಡರು. ಆಗ ನನ್ನ ತಲೆಯಲ್ಲಿ ಹಳೆಯ ಕಾಟಾ ಅಲುಗಾಡತೊಡಗಿತು. ಅಂಗಡಿಯಲ್ಲಿ ಮೀನಿನ ಹುರುಪೆ ತೋರಿಸಿದ ಟಿವಿ ಮನೆಯಲ್ಲಿ ಮನುಷ್ಯನ ಮೀಸೆ ತೋರಿಸುವುದಿಲ್ಲವೆಂದರೆ ಏನರ್ಥ? ನಾನು ಚಹಾ ಕುಡಿಯುತ್ತಿದ್ದಾಗ ಒಳಗಿನ ಕೋಣೆಯಲ್ಲಿ ಡಬ್ಬಿ ಕಟ್ಟಿದರಲ್ಲ, ಆಗಲೇ ಬೇರೆ ಟಿವಿ ತುಂಬಿದ್ದಾರೆ. ಚಹಾ ಕೊಟ್ಟದ್ದೂ ಅದಕ್ಕೇ ಇರಬೇಕು.

ಮರುದಿನ ಕ್ಯಾಸೆಟ್ಟನ್ನೂ ವಿಸಿಆರನ್ನೂ ಚೀಲದಲ್ಲಿ ಹಾಕಿಕೊಂಡು ಗೋಕಾಕದ ಅಂಗಡಿಗೆ ಹೋದೆ. ಮಾಲೀಕ ಸಿಟ್ಟಾಗಲಿಲ್ಲ. ಅದೇ ಮೀನಿನ ಟಿವಿಗೆ ನನ್ನ ಕ್ಯಾಸೆಟ್ ಹಾಕಿದ. ಅಲ್ಲಿಯೂ ನುಚ್ಚೇ.

"ನೋಡ್ರಿ, ಟಿವಿ ಚಲೋನ ಐತಿ. ಆ ಮೀನಿನ ಪಿಚ್ಚರ್ ದೊಡ್ಡ ಟಿವಿ ಸಲುವಾಗೇ ತಗದಿದ್ದು. ನಿಮ್ಮ ಕ್ಯಾಸೆಟ್ಟಿನಾಗ ಸರಕು ಕಡಿಮಿ ಐತಿ. ಒಂದ ಮುಟಗಿ ಹಿಟ್ಟಿನಾಗ ಹಂಚಿನಗಲ ರೊಟ್ಟಿ ಬಡದ್ರ ನಡುವ ತೂತ ಬೀಳೂದಿಲ್ಲೇನ್ರಿ?"

"ಹಂಗಾರ ಏನ ಮಾಡ್ಬೇಕ?"

"ಶಾರ್ಪ್‌ನೆಸ್ ಪೂರಾ ಇಳಸ್ರಿ. ಕಾಂಟ್ರಾಸ್ಟ್ ಅರ್ಧಕ್ಕ ತರ್ರಿ. ಆಮ್ಯಾಲ ದೂರ ಕುಂತ ನೋಡ್ರಿ."

ಮಸುಕಾದ ಚಿತ್ರಕ್ಕೆ ಚೂಪು ಇಳಿಸು, ದೊಡ್ಡ ಟಿವಿ ಕೊಂಡು ದೂರ ಕೂಡು! ಇಂಥ ಸಲಹೆಯನ್ನು ಕಾಟಾದ ಗುಮಾಸ್ತನಿಗೆ ಕೊಡುತ್ತಾನಲ್ಲ ಎಂದು ಒಳಗೊಳಗೇ ನಕ್ಕೆ. ದೂರದಿಂದ ನೋಡಿದರೆ ಯಾವ ಮಾಲಿನ ದೋಷವೂ ಕಾಣುವುದಿಲ್ಲ. ಅದನ್ನೇ ಅವನು ಬಯಸುತ್ತಿದ್ದಾನೆ ಎಂದುಕೊಂಡು ಮನೆಗೆ ಬಂದು ಏನನ್ನೂ ಇಳಿಸಲಿಲ್ಲ. ಆದರೆ ಅವನ ಮಾತನ್ನು ಶಾಂತಾಳಿಗೆ ಹೇಳಿ ನಗಾಡಿದೆ. ಅವಳು ನಗಲಿಲ್ಲ.

ಆದರೂ ಅಂಗಡಿಯ ಟಿವಿಯಲ್ಲೂ ನುಚ್ಚೇ ಕಂಡಿತ್ತಲ್ಲ. ಟಿವಿ ನಿರಪರಾಧಿ ಎಂದಾದರೆ ಅಪರಾಧ ಕ್ಯಾಸೆಟ್ಟಿನದು. ವಿಡಿಯೋದವನು ಅಸಲು ಕ್ಯಾಸೆಟ್ ತನ್ನಲ್ಲಿಟ್ಟುಕೊಂಡು ನಮಗೆ ನಕಲು ಕೊಟ್ಟಿದ್ದಾನೆಂಬುದು ನನಗೆ ರಾತ್ರಿ ಮಲಗಿದಾಗ ಹೊಳೆಯಿತು. ರವಿವಾರ ಹುಕ್ಕೇರಿಗೆ ಹೋದೆ. ಅವನಿಗೀಗ ತಲೆ ನರೆತಿತ್ತು, ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ ಕುಳಿತಿದ್ದ. ನಾನು ನೇರವಾಗಿ ಕೇಳದೆ, ಸುತ್ತು ಹಾಕಿ, ಅಸಲು ನಕಲುಗಳ ಬಗ್ಗೆ ಸಾಮಾನ್ಯವಾಗಿ ಮಾತಾಡಿದೆ. ಅವನಿಗೆ ಅರ್ಥವಾಯಿತು. ನಾನು ಚೀಲದಲ್ಲಿ ತಂದಿದ್ದ ಕ್ಯಾಸೆಟ್ ಇಸಿದುಕೊಂಡು, ಅದರ ಬೆನ್ನಿನ ಮೇಲಿದ್ದ ತನ್ನದೇ ಅಕ್ಷರಗಳನ್ನು ಬೆರಳಿನಿಂದ ಸವರಿದ.

"ಇದ ಅಸಲ ಐತ್ರಿ. ನಿಮ್ಮ ಮಾವಾರು ನನ್ನ ಎದರಿಗೆ ಕುಂತ ಇಸಗೊಂಡ ಹೋಗ್ಯಾರ. ಆಗಿನ ಕ್ಯಾಮೆರಾ ಇಷ್ಟ ಹಿಡೀತಿತ್ತು. ಇದರಾಗ ಅವ್ರು ಎಷ್ಟ ಅದಾರೋ ಅಷ್ಟ ಅದಾರ್ರಿ. ಹೆಚ್ಚಿಗಿ ಎಲ್ಲಿಂದ ತರೂದು?"

ಆ ಮಾತಿನ ಮೇಲೆ ನನಗೆ ಸಂಶಯ ಬರಲಿಲ್ಲ. ಬರಬೇಕಿತ್ತು, ಬರಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ, ಈ ಮಾತನ್ನು ಶಾಂತಾಳಿಗೆ ಹೇಳಬೇಕೇ ಬೇಡವೇ ಎಂದು ಯೋಚಿಸಿದೆ. ಕೊನೆಗೆ "ಸ್ಟುಡಿಯೋ ಬಂದ್ ಇತ್ತು" ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಸಂಶಯ ಅಂಟುರೋಗ ಎಂಬುದು ನನಗೆ ಗೊತ್ತಾದದ್ದು ಆಗ.

ನಮ್ಮ ಮನೆಯ ಎದುರಿಗೆ ಜಿನ್ನಪ್ಪ ಕಾಕಾ ಅವರ ಮನೆ. ಬೆಲ್ಲದ ವ್ಯಾಪಾರ ಮಾಡಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟವರು. ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಆಮೇಲೆ ಮಾಡಲು ಕೆಲಸವಿಲ್ಲದೆ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಹುಕ್ಕೇರಿಯಿಂದ ಬಂದ ಕೆಲವು ದಿನಗಳ ಮೇಲೆ, ಬೆಳಿಗ್ಗೆ ಸೈಕಲ್ ಹೊರತೆಗೆಯುತ್ತಿದ್ದಾಗ ಅವರು ನನ್ನನ್ನು ಕರೆದರು.

"ಈರಣ್ಣಾ, ನಿನ್ನಿ ಸಂಜಿಗೆ ನಿನ್ನ ಮಾವನ್ನ ನೋಡಿದ್ನಿ. ಒಳ್ಳೆ ಖಬರಿನ ಮನಷ್ಯಾ ಕಾಣಸ್ತಾನ. ಮೀಸಿ ತುದಿ ತಿರುವೂದ ನೋಡಬೇಕ ಅವಂದು."

ನಾನು ಸೈಕಲ್ ಸ್ಟ್ಯಾಂಡ್ ಹಾಕಿದೆ. ನಾವು ಈ ಓಣಿಗೆ ಬಂದದ್ದು ಮಾವನವರು ತೀರಿಕೊಂಡ ಮೇಲೆ. ಕಾಕಾ ಮಾವನವರನ್ನು ಕಂಡವರೇ ಅಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಮೀಸೆ ಇದೆ, ತಿರುವುವುದಿಲ್ಲ. ಹಾಗಾದರೆ ಈ ಮುದುಕ ನನ್ನ ನುಚ್ಚಿನ ಟಿವಿಯನ್ನು ಆಡಿಕೊಳ್ಳುತ್ತಿದ್ದಾನೆ.

"ಮೀಸಿ ನಿಮಗ ಹೆಂಗ ಕಾಣಸ್ತು ಕಾಕಾ?"

"ಯಾಕ, ಕಣ್ಣಿಲ್ಲೇನ ನನಗ? ಅಂಗಿ ಕಿಸೆದಾಗ ಪೆನ್ನ ಐತಿ. ಎಡಗಿವಿಗಿ ವಂಟಿ ಐತಿ. ಸಂಜಿಗೆ ಬಾ, ನೀನೂ ನೋಡು."

ಮಾವನವರ ಕಿವಿಯಲ್ಲಿ ಒಂಟಿ ಎಂಬ ಆ ಓಲೆ ಇದ್ದದ್ದು ಖರೆ. ಅದು ಗೋಡೆಯ ಫೋಟೋದಲ್ಲಿ ಕಾಣುತ್ತಿರಲಿಲ್ಲ. ಅಂದು ಕಾರ್ಖಾನೆಯಲ್ಲಿ ಎಷ್ಟು ಟ್ರಾಲಿಗಳ ತಳ ನೋಡದೆ ಬಿಟ್ಟೆನೋ ದೇವರೇ ಬಲ್ಲ. ಸಂಜೆ ನೇರ ಕಾಕಾ ಅವರ ಕಟ್ಟೆಗೆ ಹೋದೆ. ನಮ್ಮ ಮನೆಯ ಬಾಗಿಲು ತೆರೆದಿತ್ತು. ಒಳಗೆ ಶಾಂತಾ ಅಡುಗೆ ಮಾಡುತ್ತಲೇ ಕ್ಯಾಸೆಟ್ ಹಾಕಿದ್ದಳು. ಓಣಿ ದಾಟಿ, ಅಂಗಳ ದಾಟಿ, ಪಡಸಾಲೆಯ ಕೊನೆಯ ಗೋಡೆಯಲ್ಲಿ ಮಾವನವರು ನಿಂತಿದ್ದರು. ಮೀಸೆ, ಪೆನ್ನು, ಒಂಟಿ, ಟಾವೆಲ್ಲಿನ ಕೆಂಪು ಅಂಚು. ಚುಕ್ಕೆಗಳೆಲ್ಲ ಎಲ್ಲಿಯೋ ಕೂಡಿಕೊಂಡು ಒಬ್ಬ ಮನುಷ್ಯನಾಗಿದ್ದವು. ನಾನು ಶಾಂತಾಳನ್ನು ಕೂಗಿ ಕರೆದೆ. ಹಿಟ್ಟಿನ ಕೈಯಲ್ಲೇ ಬಂದಳು, ತಿರುಗಿ ನೋಡಿದಳು, ಕಟ್ಟೆಯ ತುದಿಗೆ ಕುಳಿತಳು. ಹಿಟ್ಟಿನ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡಿದ್ದಳು. ಕಾಕಾ ಎದ್ದು ಒಳಗೆ ಹೋದರು.

"ಚೂಪ ಇಳಿಸಿದವರ್ಯಾರು?" ಎಂದು ನಾನು ಆಮೇಲೆ ಕೇಳಿದೆ.

"ನಾನ. ನೀವು ಹುಕ್ಕೇರಿಗೆ ಹೋದ ದಿವಸ. ಅಂಗಡಿಯಾಂವ ಸುಳ್ಳ ಹೇಳಿದ್ರ ತಿರುಗಿ ಏರಿಸಿದ್ರಾತು ಅಂದ್ಕೊಂಡ್ನಿ. ನನಗೇನ ಗೊತ್ತ, ಅಡಗಿಮನಿಯಿಂದ ಸೊಟ್ಟ ಕಾಣಸ್ತದ, ಹತ್ರ ಬಂದ್ರ ಮಸಕ ಮಸಕ."

ಹೀಗೆ ದೊಡ್ಡ ಟಿವಿ ಕೊಂಡವನು ನಾನು, ಅದನ್ನು ಸರಿಯಾಗಿ ನೋಡುವ ಜಾಗ ಜಿನ್ನಪ್ಪ ಕಾಕಾ ಅವರದು. ಅವರು ಅದಕ್ಕೆ ತಕರಾರು ಮಾಡಲಿಲ್ಲ. ಅದು ಯಾಕೆಂದು ಎರಡು ದಿನ ಯೋಚಿಸಿ ಬಿಟ್ಟುಬಿಟ್ಟೆ.

ಸುದ್ದಿ ತಿಳಿದು ಕಣಗಲಾದಿಂದ ಅತ್ತೆಯವರೂ ಶಾಂತಾಳ ತಮ್ಮ ಮಾರುತಿಯೂ ಬಂದರು. ಕಟ್ಟೆಯ ಮೇಲೆ ಕಾಕಾ ಚಾಪೆ ಹಾಸಿಸಿದರು. ಅತ್ತೆಯವರು ತಲೆಯ ಮೇಲೆ ಸೆರಗು ಎಳೆದುಕೊಂಡು, ಗಂಡನ ಎದುರಿಗೆ ಕುಳಿತಂತೆ ಕುಳಿತರು. ಮಾವನವರು ಓಡಾಡಿದರು, ಊಟಕ್ಕೆ ಕರೆದರು, ಬೆವರು ಒರೆಸಿಕೊಂಡರು. ಆಮೇಲೆ ಬಾಸಿಂಗ ಕಟ್ಟಿಕೊಂಡ ಮದುಮಗನ ಹತ್ತಿರ ಬಂದು ಅವನ ಮಣಿಕಟ್ಟಿಗೆ ಕೈಗಡಿಯಾರ ಕಟ್ಟಿದರು. ಮದುಮಗ ಕೈ ಮೇಲೆತ್ತಿದ. ಹಳೆಯ ಟಿವಿಯಲ್ಲಿ ಇದು ಬಾಸಿಂಗ ಸರಿಪಡಿಸಿಕೊಂಡಂತೆ ಕಾಣುತ್ತಿತ್ತು, ನಾನೂ ಹಾಗೆಯೇ ನಂಬಿದ್ದೆ. ಈಗ ಕಾಕಾ ಅವರ ಕಟ್ಟೆಯಿಂದ ಎಲ್ಲರಿಗೂ ಸ್ವಚ್ಛವಾಗಿ ಕಂಡಿತು. ಮದುಮಗ ಗಡಿಯಾರವನ್ನು ಕಿವಿಗೆ ಹಿಡಿದು ಕೇಳುತ್ತಿದ್ದ. ಕೈ ಕೊಡವಿ ಮತ್ತೊಮ್ಮೆ ಕಿವಿಗೆ ಹಿಡಿದ. ಪಕ್ಕದಲ್ಲಿ ನಿಂತ ಮಾವನವರು ಅದನ್ನು ನೋಡುತ್ತ ಮೀಸೆಯ ತುದಿ ತಿರುವುತ್ತಿದ್ದರು.

ಮಾರುತಿ ಕೆಮ್ಮಿದ. ಶಾಂತಾ ನನ್ನ ಕಡೆ ತಿರುಗಿ, "ಅಪ್ಪ ಕೊಟ್ಟ ಗಡಿಯಾರದ ಮ್ಯಾಲೂ ಸಂಶಯ ಏನ್ರಿ?" ಎಂದಳು. ನನಗೆ ಕಟ್ಟೆಯ ಕೆಳಗಿನ ಮಣ್ಣಿನಲ್ಲಿ ನೋಡುವಂಥದ್ದು ಬಹಳ ಇದ್ದಂತೆ ತೋರಿತು.

ಆಗ ಅತ್ತೆಯವರು ಸೆರಗಿನೊಳಗಿಂದಲೇ ನಿಧಾನವಾಗಿ ಹೇಳಿದರು. "ಇದ ನನಗ ಅವತ್ತ ಗೊತ್ತಿತ್ತು. ಅವ್ರು ಒಳಗ ಬಂದ ಹೇಳಿದ್ರು. ಅಳಿಯಾ ಗಡಿಯಾರ ಕಿವಿಗಿ ಹಿಡದ ನೋಡಿದ, ಇವನ್ನ ಯಾರೂ ಮೋಸ ಮಾಡಾಕ ಆಗೂದಿಲ್ಲ, ನಮ್ಮ ಶಾಂತಾಂದು ಚಿಂತಿ ಬಿಡು ಅಂತ. ಅವತ್ತ ರಾತ್ರಿ ಚಂದಂಗ ಮಲಗಿದ್ರು."

ಶಾಂತಾ ಕಣ್ಣು ಒರೆಸಿಕೊಂಡಳು. ಕಾಕಾ "ಶಾಣ್ಯಾ ಮನಷ್ಯಾ" ಎಂದರು. ಇಷ್ಟು ವರ್ಷದಲ್ಲಿ ನನ್ನ ಈ ಗುಣವನ್ನು ಹೊಗಳಿದ ಮನುಷ್ಯ ಅವರೊಬ್ಬರೇ, ಅದೂ ನನಗೆ ತಿಳಿಯುವ ಮೊದಲೇ ಹೋಗಿಬಿಟ್ಟಿದ್ದರು. ಆ ಸಂಜೆಯ ಮಟ್ಟಿಗೆ ನಾನು ಲೋಕದಲ್ಲಿ ಎಲ್ಲರನ್ನೂ ನಂಬಿದೆ.

ಬೆಳಿಗ್ಗೆ ಎದ್ದಾಗ ಬೇರೆ ಯೋಚನೆ ಬಂದಿತ್ತು. ಮಾವನವರು ನಿಜವಾಗಿಯೂ ಹಾಗೆ ಹೇಳಿದ್ದರೇ, ಅಥವಾ ನಾಲ್ಕು ಜನರ ಮುಂದೆ ಅಳಿಯನ ಮಾನ ಉಳಿಸಲು ಅತ್ತೆಯವರು ಆ ಕ್ಷಣಕ್ಕೆ ಹುಟ್ಟಿಸಿದ ಮಾತೇ? ಅಷ್ಟು ಒಳ್ಳೆಯ ಮಾತು ಅಷ್ಟು ಬೇಗ ಯಾರ ಬಾಯಲ್ಲಿ ಸಿದ್ಧವಾಗಿರುತ್ತದೆ? ಅವರಿಬ್ಬರನ್ನು ಬಸ್ಸಿಗೆ ಬಿಡಲು ಹೋದಾಗ, ಅತ್ತೆಯವರು ಹತ್ತಿ ಕುಳಿತ ಮೇಲೆ, ಮಾರುತಿಯನ್ನು ಬಾಜೂಕ್ಕೆ ಕರೆದು ಮೆಲ್ಲಗೆ ಕೇಳಿದೆ.

"ಮಾರುತಿ, ನಿಮ್ಮಪ್ಪ ಅವತ್ತ ಖರೇನ ಹಂಗ ಅಂದಿದ್ರೇನ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮಾಮಾ, ಅಂದಿರ್ತಾರ ಬಿಡ್ರಿ" ಎಂದು ನಕ್ಕು ಬಸ್ ಹತ್ತಿದ. ಅಂದಿದ್ದರು ಎನ್ನಲಿಲ್ಲ, ಅಂದಿರುತ್ತಾರೆ ಎಂದ. ಇವೆರಡರ ನಡುವೆ ಇರುವ ತೂಕದ ವ್ಯತ್ಯಾಸವನ್ನು ನಾನು ಇನ್ನೂ ನೋಡುತ್ತಿದ್ದೇನೆ.