ಬಸ್ಸಿನಲ್ಲಿ ತಿಂದ ಬೆಲ್ಲದ ಅವಲಕ್ಕಿ

ಹೊಟ್ಟೆಕಿಚ್ಚಿಗೆ ವಯಸ್ಸಾಗುವುದಿಲ್ಲ. ನನ್ನ ಮಂಡಿ ಹೋಯಿತು, ಹಲ್ಲು ಹೋದವು, ಅದೊಂದು ಮಾತ್ರ ನಾನು ಮದುವೆಯಾಗಿ ಬಂದಾಗ ಹೇಗಿತ್ತೋ ಹಾಗೇ ಗಟ್ಟಿಮುಟ್ಟಾಗಿದೆ. ಮುಖ್ಯವಾಗಿ ಅದು ನನ್ನ ವಾರಗಿತ್ತಿ ಕೆಂಪಮ್ಮನ ಮೇಲೆ. ಅವಳಿರುವುದು ಅರಕಲಗೂಡಲ್ಲಿ, ನಾನು ಹೊಳೆನರಸೀಪುರದಲ್ಲಿ. ನಡುವೆ ಬಸ್ಸು ಬಿಟ್ಟಿರುವುದೇ ಈ ಉರಿ ಸಾಗಿಸುವುದಕ್ಕೆ ಅಂತ ನನ್ನ ಮಗ ಹೇಳುತ್ತಾನೆ.

ಈ ಸಲ ಕಿಚ್ಚು ಹತ್ತಿದ್ದು ನನ್ನ ಮೊಮ್ಮಗಳು ಸಹನಾಳ ಕೆಲಸದಿಂದ. ಅವಳು ನಮ್ಮ ಮಹಡಿ ರೂಮಲ್ಲಿ ಕೂತು ಕಂಪ್ಯೂಟರಿನೊಳಗೆ ಪೈಪು ಜೋಡಿಸುತ್ತಾಳೆ. ನೀರಿನ ಪೈಪಲ್ಲ. ಆಸ್ಪತ್ರೆಗಳಲ್ಲಿ ಬರೆದುಕೊಂಡ ಜನರ ಸಕ್ಕರೆ, ಬಿ.ಪಿ., ನುಂಗಿದ ಮಾತ್ರೆ ಎಲ್ಲಾ ಅದರಲ್ಲಿ ಹರಿದು, ದಾರಿಯಲ್ಲೇ ಹೆಸರು ಕಳಚಿಕೊಂಡು, ಕ್ಲೌಡ್ ಅನ್ನುವ ಕಡೆ ಸೇರುತ್ತವಂತೆ. ಔಷಧಿ ಕಂಪನಿಯವರು ಅಲ್ಲಿಂದ ತೆಗೆದು, ಮುದ್ದೆ ತಿನ್ನುವ ನಮ್ಮಂಥವರಿಗೆ ಮಾತ್ರೆ ಹಿಡಿಯಿತೋ ಇಲ್ಲವೋ ನೋಡುತ್ತಾರಂತೆ. ನನಗೆ ಅರ್ಥವಾದದ್ದು ಇಷ್ಟು: ಮನೆಯಲ್ಲಿರುವ ಅಜ್ಜಿಯ ಮುಖ ನೋಡದ ಹುಡುಗಿ ದಿನವಿಡೀ ಊರವರ ಸಕ್ಕರೆ ನೋಡುತ್ತಾಳೆ.

ಅರಕಲಗೂಡಿನ ಒಂದು ಆಸ್ಪತ್ರೆಯೂ ಆ ಪೈಪಿಗೆ ಸೇರಿತು. ಕೆಂಪಮ್ಮ ಆವತ್ತೇ ಫೋನ್ ಮಾಡಿದಳು.

"ಅಕ್ಕಯ್ಯಾ, ನಿನ್ ಮೊಮ್ಮಗ್ಳು ದಿನಾ ನನ್ ಸಕ್ರೆ ನೋಡ್ತಾಳಂತೆ ಕಣಕ್ಕಾ. ನಿಂದು ನೋಡಾಕಿಲ್ವಾ?"

"ನಂಗೆ ಸಕ್ರೆ ಕಾಯ್ಲೆ ಇಲ್ಲ ಕಣೆ."

"ಅಯ್ಯೋ ಪಾಪ!" ಅಂದಳು, ಸಾವಿನ ಮನೆಗೆ ಬಂದವಳ ದನಿಯಲ್ಲಿ.

ಆ "ಪಾಪ" ನನ್ನ ಗಂಟಲಲ್ಲಿ ಮುಳ್ಳಾಗಿ ಕೂತಿತು. ಸೋಮವಾರ ಕೆಂಪಮ್ಮನನ್ನು ನೋಡಿ ಬತ್ತೀನಿ ಅಂತ ಮಗನಿಗೆ ಹೇಳಿ ಬಸ್ಸು ಹತ್ತಿದೆ. ನಿಜಕ್ಕೂ ಹೊರಟಿದ್ದು ಆ ಆಸ್ಪತ್ರೆಗೆ, ಸಕ್ಕರೆ ಪರೀಕ್ಷೆಗೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಅಂತ ಗೊತ್ತಿತ್ತು. ಖಾಲಿ ಹೊಟ್ಟೆಯಲ್ಲಿ ಹೋದರೆ ನನ್ನದು ಮಾಮೂಲಿ ಸಕ್ಕರೆ, ಅದನ್ನು ಯಾರು ತಿರುಗಿ ನೋಡುತ್ತಾರೆ? ಅದಕ್ಕೇ ದಾರಿಯುದ್ದಕ್ಕೂ ಬೆಲ್ಲದ ಅವಲಕ್ಕಿ ತಿಂದೆ, ಮೇಲೆ ಬಾಳೆಹಣ್ಣು. ನರ್ಸಮ್ಮ ಕೇಳಿದರೆ "ಹನಿ ನೀರೂ ಕುಡ್ದಿಲ್ಲ ಕಣವ್ವ" ಅಂದೆ. ರಕ್ತ ತೆಗೆದುಕೊಂಡು, ಊಟ ಮಾಡಿ ಬನ್ನಿ, ಇನ್ನೊಂದು ಸಲ ನೋಡಬೇಕು ಅಂದಳು. ಹೊಟ್ಟೆಯಲ್ಲಿ ಜಾಗ ಎಲ್ಲಿತ್ತು? ಬೆಂಚಿನ ಮೇಲೆ ತೂಕಡಿಸಿ ಎದ್ದು "ಉಂಡೆ" ಅಂದೆ.

ಮಾರನೇ ದಿನ ಮಧ್ಯಾಹ್ನ ಸಹನಾ ತಲೆ ಹಿಡಿದುಕೊಂಡು ಕೆಳಗೆ ಬಂದಳು.

"ಪೈಪ್‌ಲೈನ್ ನಿಂತೋಗಿದೆ ಅಜ್ಜಿ. ಅರಕಲಗೂಡಲ್ಲಿ ಯಾರೋ ವಯಸ್ಸಾದೋರಿಗೆ ಊಟಕ್ಕೆ ಮುಂಚೆ ಸಕ್ಕರೆ ಜಾಸ್ತಿ, ಊಟ ಆದ್ಮೇಲೆ ಕಮ್ಮಿ! ನಾನು ಬರೆದ ಕೋಡೇ ಎರಡನ್ನೂ ಅದಲುಬದಲು ಮಾಡ್ತಿದ್ಯೇನೋ. ಹಂಗಾದ್ರೆ ಇದುವರೆಗೂ ಕಳಿಸಿದ್ದೆಲ್ಲಾ ತಪ್ಪು. ನನ್ನ ಕೆಲಸದ ಕತೆ ಮುಗೀತು."

ಹುಡುಗಿಯ ಕಣ್ಣಲ್ಲಿ ನೀರಿತ್ತು. ಇನ್ನು ಸುಮ್ಮನಿರುವುದು ನನ್ನಿಂದಾಗಲಿಲ್ಲ.

"ಅದ್ಯಾರು ಅಂತ ನಂಗೊತ್ತು ಕಣೆ."

ಅವಳು ಎರಡೂ ಕಿವಿ ಮುಚ್ಚಿಕೊಂಡಳು. "ಹೆಸರು ಹೇಳ್ಬೇಡ! ಯಾರದು ಅಂತ ನಂಗೆ ಗೊತ್ತಾಗ್ಬಾರ್ದು, ಅದು ರೂಲ್ಸು!"

"ಹೆಸ್ರು ಬ್ಯಾಡ ಬಿಡು. ಆ ಮುದ್ಕಿ ಬಸ್ಸಲ್ಲಿ ಬೆಲ್ಲದವಲಕ್ಕಿ ಮುಕ್ಕಂಡ್ ಓಗಿದ್ಲು. ಆಮೇಲೆ ಉಣ್ದೇನೇ ಉಂಡೆ ಅಂದ್ಲು. ನಿನ್ ಪೈಪು ನೆಟ್ಟಗದೆ."

ಸಹನಾ ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ಮೆಟ್ಟಿಲು ಹತ್ತಿ ಓಡಿದಳು. ಆಸ್ಪತ್ರೆಯವರಿಗೆ ಇನ್ನೊಮ್ಮೆ ಪರೀಕ್ಷೆ ಮಾಡಲು ಹೇಳಿ, ಆ ಸಕ್ಕರೆಯನ್ನು ಪಕ್ಕಕ್ಕಿಟ್ಟು, ಉಳಿದವರದೆಲ್ಲ ಹರಿಯಬಿಟ್ಟು ಸಂಜೆ ಕಾಫಿಗೆ ಇಳಿದು ಬಂದಳು. ನನ್ನ ಮಂಡಿ ಹೇಗಿದೆ ಅಂತ ಕೇಳಬಹುದಿತ್ತು. ಇಲ್ಲ. ಲೋಟ ಹಿಡಿದುಕೊಂಡು ಆ ಮುದುಕಿಯದೇ ಜಪ.

"ಪಾಪ ಕಣಜ್ಜಿ. ಅಷ್ಟು ವಯಸ್ಸಲ್ಲಿ ಒಬ್ಬಳೇ ಬಸ್ಸಲ್ಲಿ ಹೋಗಿದಾಳೆ. ಮನೇಲಿ ಅವಳನ್ನ ವಿಚಾರಿಸೋರೇ ಇಲ್ವೇನೋ. ನಂಗ್ಯಾಕೋ ಅವಳದೇ ಯೋಚನೆ."

ಆ ಮುದುಕಿಯ ಮೇಲೆ ನನಗೆ ಎಂಥಾ ಉರಿ ಬಂತು ಅಂದರೆ, ಕೆಂಪಮ್ಮನ ಮೇಲೂ ಯಾವತ್ತೂ ಹಾಗೆ ಬಂದಿರಲಿಲ್ಲ.

"ಮನೇಲಿ ಎಲ್ಲಾ ಚೆಂದಾಗೇ ನೋಡ್ಕತಾರೆ," ಅಂದುಬಿಟ್ಟೆ. "ಅವಳೇ ಸರಿಯಿಲ್ಲ."