ರಾಜಕುಮಾರ ನಂಬರ್ 2/ಅ

1976ರಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗಗಳಲ್ಲಿ ಮೂರನೆಯ ಮಗು ಹುಟ್ಟುವುದು ನಿಂತುಹೋಯಿತೆಂದೂ, ಅದಕ್ಕೆ ಜಗತ್ತಿನ ಜನಪದ ಕತೆಗಳೇ ಕಾರಣವೆಂದೂ ಎಲ್ಲರೂ ನಂಬಿದ್ದರು. ನಂಬದವರೂ ಇದ್ದಿರಬಹುದು. ಆ ವರ್ಷ ಅವರು ಮಾತಾಡುತ್ತಿರಲಿಲ್ಲ.

ಯೋಜನೆಯ ಹೆಸರು ‘ವಿಶ್ವಕಥಾ ಬಾಲಗುಂಪು’. ಶಾಲೆಯ ಮಕ್ಕಳನ್ನು ಸಣ್ಣ ಸಣ್ಣ ಗುಂಪು ಮಾಡಿ, ಗುಂಪಿಗೊಂದು ದೇಶ ಹಂಚಿ, ಆ ದೇಶದ ಪುರಾಣವನ್ನೂ ಜನಪದ ಕತೆಗಳನ್ನೂ ಹೇಳಿ ಚರ್ಚಿಸಬೇಕು. ಇದರಿಂದ ಮಕ್ಕಳ ದೃಷ್ಟಿ ವಿಶಾಲವಾಗುವುದೆಂದು ಮೇಲಿನವರಿಗೆ ಅನಿಸಿತ್ತು. ಬೈಲಹೊಂಗಲದ ಪೇಟೆಯಲ್ಲಿ ಒಬ್ಬ ಹತ್ತಿ ದಲಾಲರ ಅಂಗಡಿಯ ಮೇಲಿನ ಖೋಲಿಯಲ್ಲಿ ಕಚೇರಿ ತೆರೆದರು. ವಿಶೇಷಾಧಿಕಾರಿಯಾಗಿ ಬಂದ ಲಕ್ಕಪ್ಪನವರು ಮೊದಲು ಮೀನುಗಾರಿಕೆಯಲ್ಲಿದ್ದರು. ನಮ್ಮ ಬಯಲುಸೀಮೆಯಲ್ಲಿ ಅದಕ್ಕಿಂತ ವಿರಾಮದ ಇಲಾಖೆ ಇರಲಿಲ್ಲ. ಗುಮಾಸ್ತ ನೀಲಪ್ಪನನ್ನು ಭೂಮಾಪನ ಖಾತೆಯಿಂದ ಎರವಲು ತಂದಿದ್ದರು.

ಮುರಗೋಡದಿಂದ ಸಿರಸಂಗಿಗೆ ಹೋಗುವ ದಾರಿಯಲ್ಲಿ ಬಿಳಿಗುಂಡಿ ಎಂಬ ಊರು. ಅಲ್ಲಿಯ ಶಾಲೆಯಲ್ಲಿ ಕತೆ ಹೇಳುವ ಹೊಣೆ ಗಂಗಯ್ಯ ಮಾಸ್ತರರಿಗೆ ಬಿತ್ತು. ಅವರದು ಹಂಗಾಮಿ ನೌಕರಿ. ಜನವರಿಯಲ್ಲಿ ಕಾಯಂ ಆಗಬೇಕಿತ್ತು. ಅದಕ್ಕೊಂದು ಶರತ್ತು: ಇಬ್ಬರಿಗಿಂತ ಹೆಚ್ಚು ಮಕ್ಕಳಿರಬಾರದು. ಗಂಗಯ್ಯನವರಿಗೆ ಇಬ್ಬರೇ ಇದ್ದರು. ಹೆಂಡತಿ ಚನ್ನವ್ವ ಮತ್ತೆ ನಾಲ್ಕು ತಿಂಗಳ ಬಸುರಿ.

ಯೋಜನೆ ಚೆನ್ನಾಗಿಯೇ ಶುರುವಾಯಿತು. ಜಪಾನ್ ಗುಂಪು ಬೇವಿನ ಮರದ ಕೆಳಗೆ ಕೂತರೆ ರಷ್ಯಾ ಗುಂಪು ಪಡಸಾಲೆಯಲ್ಲಿ ಕೂರುತ್ತಿತ್ತು. ಗ್ರೀಸಿನವರು ಆಫ್ರಿಕದವರ ಬರೆಯುವ ಪಾಟಿ ಒಡೆದರೆಂಬ ದೂರು ಬಿಟ್ಟರೆ ಅಂತರರಾಷ್ಟ್ರೀಯ ಪರಿಸ್ಥಿತಿ ಶಾಂತವಾಗಿತ್ತು.

ಆಮೇಲೆ ಲಕ್ಕಪ್ಪನವರು ಬಸ್ಸಿನಲ್ಲಿ ಹೊತ್ತು ಹೋಗದೆ ಕತೆಯ ಪುಸ್ತಕ ಓದಿದರು. ಮರುದಿನವೇ ಮಾಸ್ತರರನ್ನೆಲ್ಲ ಕಚೇರಿಗೆ ಕರೆಸಿದರು.

“ಈ ಪುಸ್ತಕದಾಗ ಯಾವ ದೇಶಾ ತಗದ್ರೂ ರಾಜಗ ಮೂರು ಮಕ್ಳು. ಮೊದಲನೇ ಎರಡೂ ದಂಡಪಿಂಡ. ಮೂರನೇದು ಹೋಗಿ ರಾಕ್ಷಸನ್ನ ಕೊಂದು ರಾಜಕುಮಾರಿನ್ನ ಕರಕೊಂಡ ಬರತೈತಿ. ಇದನ್ನ ಕೇಳಿದ ಹುಡುಗ್ರು ನಾಳೆ ಎರಡಕ್ಕ ನಿಲ್ತಾವೇನ್ರಿ? ಇದು ಕತಿ ಅಲ್ಲ, ಅಪಪ್ರಚಾರ.”

ಅಂದೇ ಸುತ್ತೋಲೆ ಹೊರಟಿತು: “ಯಾವುದೇ ದೇಶದ ಯಾವುದೇ ರಾಜನಿಗೆ ಇಬ್ಬರಿಗಿಂತ ಹೆಚ್ಚು ಮಕ್ಕಳಿರತಕ್ಕದ್ದಲ್ಲ. ಈಗಾಗಲೇ ಹುಟ್ಟಿರುವ ಮೂರನೆಯ ರಾಜಕುಮಾರರನ್ನು ಈ ಸುತ್ತೋಲೆ ತಲುಪಿದ ದಿನದಿಂದ ಕೈಬಿಡಲಾಗಿದೆ. ಬಡ ಮುದುಕಿಯರ ಮಕ್ಕಳಿಗೂ ರಾಕ್ಷಸರ ಮಕ್ಕಳಿಗೂ ಇದು ಅನ್ವಯಿಸುತ್ತದೆ.”

ಗ್ರೀಸಿನಲ್ಲಿ ತೊಡಕಾಯಿತು. ಅಲ್ಲಿಯ ಒಬ್ಬ ಹಿರಿಯ ದೇವರು ಹುಟ್ಟಿದ ಮಕ್ಕಳನ್ನೆಲ್ಲ ನುಂಗುತ್ತಿದ್ದ. ಲಕ್ಕಪ್ಪನವರು ಅಂಚಿನಲ್ಲಿ ‘ಉದ್ದೇಶ ಸರಿ, ವಿಧಾನಕ್ಕೆ ಮಂಜೂರಾತಿ ಇಲ್ಲ’ ಎಂದು ಬರೆದರು. ಹೇಗೋ ಪಾರಾಗಿ ಉಳಿದುಕೊಂಡ ಗಂಡುಮಕ್ಕಳಲ್ಲಿ ಒಬ್ಬನಿಗೆ ಪಾತಾಳ, ಒಬ್ಬನಿಗೆ ಸಮುದ್ರ, ಮೂರನೆಯವನಿಗೆ ಆಕಾಶ. ಅಕ್ಕಂದಿರೂ ಇದ್ದರು; ನಮ್ಮಲ್ಲಿಯ ರೂಢಿಯಂತೆ ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೂರನೆಯವನು ಹೋದ ಮೇಲೆ ಆಕಾಶ ಖಾಲಿ ಬಿತ್ತು. ಮುಂದಿನ ಆದೇಶದವರೆಗೆ ಸಮುದ್ರದ ದೇವರೇ ಆಕಾಶವನ್ನೂ ಹೆಚ್ಚುವರಿಯಾಗಿ ನೋಡಿಕೊಳ್ಳತಕ್ಕದ್ದೆಂದು ಆಯಿತು.

ಬಿಳಿಗುಂಡಿಯಲ್ಲಿ ಗಂಗಯ್ಯನವರು ರಷ್ಯಾ ಗುಂಪಿಗೆ ತಿದ್ದಿದ ಕತೆ ಹೇಳಿದರು. ಸರ್ಪವೊಂದು ರಾಜಕುಮಾರಿಯನ್ನು ಹೊತ್ತೊಯ್ಯಿತು. ಒಂದನೆಯ ರಾಜಕುಮಾರ ಹೋಗಿ ದಾರಿಯಲ್ಲಿ ಮಲಗಿದ. ಎರಡನೆಯವನು ಹೋಗಿ ಹೆದರಿ ಹಿಂದಿರುಗಿದ. ಕತೆ ಮುಗಿಯಿತು.

ಬಾಯವ್ವ ಎಂಬ ಹುಡುಗಿ ಏಳಲಿಲ್ಲ. ಆಕೆ ತನ್ನ ಮನೆಯಲ್ಲಿ ನಾಲ್ಕನೆಯವಳು.

“ಸರ, ಆಕಿನ್ನ ಬಿಡಿಸ್ಕೊಂಡ ಬರವ್ರು ಯಾರ್ರೀ?”

“ಯಾರೂ ಇಲ್ಲವಾ.”

“ಹಂಗಾರ ಆಕಿ ಅಲ್ಲೇ ಇರ್ತಾಳೇನ್ರಿ?”

“ಸದ್ಯಕ್ಕ ಅಲ್ಲೇ.”

“ಉಣ್ಣಾಕ ಯಾರ್ ಹಾಕ್ತಾರ್ರೀ?”

“ಸರ್ಪ ಹಾಕತೈತಿ.”

“ಸರ್ಪ ರೊಟ್ಟಿ ಬಡಿತೈತೇನ್ರಿ ಸರ?”

ಗಂಗಯ್ಯನವರು ಗಂಟೆ ಬಾರಿಸಿದರು.

ಅಂದು ಮನೆಗೆ ಹೋದಾಗ ಚನ್ನವ್ವ ಕೇಳಿದಳು: “ಮಂದಿ ಕತ್ಯಾಗಿನ ಮೂರನೇದನ್ನ ತಗದು ಬಂದ್ರಂತಲ್ಲ. ಇದಕ್ಕೇನು ಮಾಡಾವ್ರು?”

“ನೀ ತವರಿಗೆ ಹೋಗು. ರಾಮದುರ್ಗದಾಗ ನಮ್ಮ ಸಾಹೇಬ್ರಿಗಿ ಗೊತ್ತಾಗೂದಿಲ್ಲ.”

“ಚೊಚ್ಚಲಕ್ಕ ಹೋಗ್ತಾರ ತವರಿಗೆ. ಮೂರನೇದಕ್ಕ ಹೋದ್ರ ನಮ್ಮವ್ವನ ಓಣಿ ಮಂದಿ, ನಿನ್ನ ಗಂಡಗ ಕೆಲಸ ಇಲ್ಲೇನು ಅಂತಾರ.”

“ಹೋಗದಿದ್ರ ಖರೇನ ಇರೂದಿಲ್ಲ.”

ಚನ್ನವ್ವ ಹೋಗಲಿಲ್ಲ.

ಇತ್ತ ರಾಜಕುಮಾರಿಯ ವಿಷಯ ಕೈಮೀರಿತು. ಬಾಯವ್ವ ಊಟ ಬಿಟ್ಟಳು. ಕಿತ್ತೂರಿನ ಒಂದು ಗುಂಪು, ಕತೆ ಮುಗಿಯುವವರೆಗೆ ಮನೆಗೆ ಹೋಗುವುದಿಲ್ಲವೆಂದು ಕೂತುಬಿಟ್ಟಿತು. ಕರೆಯಲು ಬಂದ ತಂದೆತಾಯಿಗಳು ವಿಷಯ ತಿಳಿದು ತಾವೂ ಕೂತರು. ತುರ್ತು ಪರಿಸ್ಥಿತಿಯ ಕಾಲ; ಐದು ಜನ ಸೇರಿ ಕೂರುವುದಕ್ಕೆ ಆಗ ಪೊಲೀಸರ ಪರವಾನಗಿ ಬೇಕಿತ್ತು. ಲಕ್ಕಪ್ಪನವರು ಮತ್ತೆ ಸಭೆ ಕರೆದರು.

“ಇಬ್ಬರೊಳಗ ಒಬ್ಬನ್ನ ಶೂರ ಮಾಡ್ರಿ,” ಎಂದರು.

“ಮಾಡಿದ್ವಿ ಸಾಹೇಬ್ರ,” ಎಂದರು ಗಂಗಯ್ಯ. “ಮೊದಲ ಹೇಡಿ ಅಂತ ಹೇಳಿದ್ರಲ್ಲಾ ಅಂತಾವು. ಹುಡುಗ್ರಿಗಿ ಹಳೇ ಹೇಳಿಕಿ ನೆನಪಿರ್ತೈತ್ರಿ. ಮಂತ್ರಿಗೋಳ ಭಾಷಣಕ್ಕ ಕೂತವ್ರಂಗ ಅಲ್ಲ.”

ಯಾರಾದರೂ ಕೇಳಿಸಿಕೊಂಡರೇನೋ ಎಂದು ಎಲ್ಲರೂ ಕಿಟಕಿಯ ಕಡೆ ನೋಡಿದರು. ಕೆಳಗೆ ಹತ್ತಿ ತೂಗುವವನು ಮಾತ್ರ ಇದ್ದ.

ಆಗ ಗುಮಾಸ್ತ ನೀಲಪ್ಪ ಕೆಮ್ಮಿದ. “ಸಾಹೇಬ್ರ, ಭೂಮಾಪನದಾಗ ಹೊಲಾ ಒಡದು ಪಾಲಾದ್ರ ಹೊಸಾ ನಂಬರ ಕೊಡಂಗಿಲ್ರಿ. ಹಳೇ ನಂಬರಿಗೇ ಅ, ಬ ಅಂತ ಹಚ್ತೇವಿ. ಹೊಲಾ ಹತ್ತಾದ್ರೂ ನಂಬರ ಒಂದ.”

“ಅಂದ್ರ?”

“ಮೂರನೇ ರಾಜಕುಮಾರ ಇಲ್ಲವೇ ಇಲ್ರಿ. ಎರಡನೇದವನ ಹಿಸ್ಸಾ ಐತಿ.”

ಲಕ್ಕಪ್ಪನವರು ಚಹಾ ತರಿಸಿದರು. ಕುಡಿದು ಮುಗಿಸಿ, “ನಾ ಮೀನಿನ ಖಾತೇದಾಗಿದ್ದಾಗ ಎಲ್ಲಿ ಹೋಗಿದ್ದಿ ತಮ್ಮಾ?” ಎಂದು ಕೇಳಿದರು.

ತಿದ್ದುಪಡಿ ಹೊರಟಿತು: “ಯಾವುದೇ ತಂದೆಯ ಮಕ್ಕಳನ್ನು ಒಂದು, ಎರಡು ಎಂದು ಎಣಿಸತಕ್ಕದ್ದು. ತರುವಾಯ ಬಂದವರು ಸ್ವತಂತ್ರ ಮಕ್ಕಳಲ್ಲ; ಅವರನ್ನು 2/ಅ, 2/ಬ, 2/ಕ, 2/ಡ, 2/ಇ ಎಂದು ಅನುಕ್ರಮವಾಗಿ ದಾಖಲಿಸತಕ್ಕದ್ದು. ಮೂರು ಎಂಬ ಸಂಖ್ಯೆಯನ್ನು ಗಣಿತದ ತಾಸಿನಲ್ಲಿ ಮಾತ್ರ ಬಳಸತಕ್ಕದ್ದು.”

ರಾಜಕುಮಾರ 2/ಅ ಮರುದಿನವೇ ಹೊರಟು ಸರ್ಪವನ್ನು ಕೊಂದ. ರಾಜಕುಮಾರಿ ಮನೆ ಸೇರಿದಳು. ಬಾಯವ್ವ ಉಂಡಳು. ಗ್ರೀಸಿನ ಆಕಾಶ ತುಂಬಿತು. ಸಮುದ್ರದ ದೇವರನ್ನು ಭತ್ಯೆಯಿಲ್ಲದೆ ಬಿಡುಗಡೆ ಮಾಡಲಾಯಿತು. ಏಳು ಅಣ್ಣತಮ್ಮಂದಿರ ಒಂದು ಕತೆ 2/ಇ ತನಕ ಹೋಯಿತು. ಮಕ್ಕಳಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವರ ಅಪ್ಪಂದಿರ ಹೊಲಗಳೂ ಹಾಗೇ ಇದ್ದವು.

ಡಿಸೆಂಬರಿನಲ್ಲಿ ಲಕ್ಕಪ್ಪನವರು ಗಂಗಯ್ಯನವರ ಕಾಯಂ ಶಿಫಾರಸಿಗಾಗಿ ನೀಲಪ್ಪನೊಡನೆ ಬಿಳಿಗುಂಡಿಗೆ ಬಂದರು. ತಪಾಸಣೆ ಶಾಲೆಯಲ್ಲಿ, ಊಟ ಮಾಸ್ತರರ ಮನೆಯಲ್ಲಿ. ಎಣಗಾಯಿ ಪಲ್ಯದ ಮೇಲೆ ಅಧಿಕಾರಿಗಳಿಗೆ ಬಹಳ ಒಲವು. ಎರಡನೆಯ ರೊಟ್ಟಿ ಮುರಿಯುವಾಗ ಒಳಗಿನ ಖೋಲಿಯಿಂದ ಅಳು ಕೇಳಿಸಿತು.

“ಮಾಸ್ತರ, ಅದೇನದು?”

“ಕೂಸು ಸಾಹೇಬ್ರ.”

“ಯಾರದು?”

“ನಮ್ಮದರಿ.”

“ಎಷ್ಟನೇದು?”

ಗಂಗಯ್ಯನವರ ಕೈಯಲ್ಲಿ ಮಜ್ಜಿಗೆಯ ಚರಿಗೆ ಇತ್ತು. ಅವರು ಅದನ್ನು ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. ಒಳಗಿನಿಂದ ಚನ್ನವ್ವನೇ ಹೇಳಿದಳು:

“ಎರಡರ ಅ ರೀ, ಸಾಹೇಬ್ರ.”

ಲಕ್ಕಪ್ಪನವರು ತುತ್ತು ಹಿಡಿದುಕೊಂಡೇ ನೀಲಪ್ಪನ ಕಡೆ ತಿರುಗಿದರು. “ಕತಿಯೊಳಗಿನವ್ರಿಗಷ್ಟ ಅಂತ ಬರದೀವಲ್ಲ?”

“ಇಲ್ರಿ. ಯಾವುದೇ ತಂದೆ ಅಂತ ಬರದೀವ್ರಿ.”

“ಸಹಿ ಯಾರದು?”

“ತಮ್ಮದರಿ.”

ಲಕ್ಕಪ್ಪನವರು ತುತ್ತು ನುಂಗಿದರು. “ಹಂಗಾರ ಬರೋಬ್ಬರಿ ಐತಿ. ತಂಗೀ, ಇನ್ನೊಂದೀಟು ಪಲ್ಯಾ ಹಾಕವಾ.”

ಕೈ ತೊಳೆದು ಶಿಫಾರಸಿಗೆ ಸಹಿ ಹಾಕಿದರು. ಮಕ್ಕಳು: ಎರಡು.

ಸುದ್ದಿ ಬೈಲಹೊಂಗಲದ ಬಸ್ಸಿನಷ್ಟು ನಿಧಾನವಾಗಿ ಹೋಗಲಿಲ್ಲ. ಶಾಲೆಯ ಹಾಜರಿಯಲ್ಲಿ ಬಾಯವ್ವ “2/ಬ ಅದೀನ್ರಿ ಸರ” ಎಂದು ಎದ್ದು ನಿಲ್ಲತೊಡಗಿದಳು. ಪೊಲೀಸರು, ಊರ ಲೆಕ್ಕ ಬರೆಯುವ ತಲಾಠಿಗಳು, ಕುಟುಂಬ ಯೋಜನೆಯ ಗೋಡೆಬರಹ ಬರೆಯುವ ಪೇಂಟರ್, ಎಲ್ಲರೂ ತಮ್ಮ ತಮ್ಮ ಹಿಸ್ಸಾಗಳನ್ನು ಕರೆತಂದು ನೀಲಪ್ಪನಿಂದ ನಂಬರ್ ಹಾಕಿಸಿಕೊಂಡು ಹೋದರು. ಒಂದು ಹೆಣ್ಣಿನ ಕಡೆಯವರು ವರನ ನಂಬರ್ ಕೇಳಿ, 2/ಕ ಎಂದು ಗೊತ್ತಾಗಿ, ಆಸ್ತಿಯಲ್ಲಿ ಎಷ್ಟು ಬರುವುದೆಂದು ಅಲ್ಲಿಯೇ ಲೆಕ್ಕ ಹಾಕಿ ಎದ್ದುಹೋದರು.

ವರ್ಷದ ಕೊನೆಗೆ ಬೆಳಗಾವಿಗೆ ವರದಿ ಹೋಯಿತು: ಯೋಜನೆಯ ಪ್ರದೇಶದಲ್ಲಿ ಮೂರನೆಯ ಮಗುವಿನ ಜನನ, ಶೂನ್ಯ. ಲಕ್ಕಪ್ಪನವರಿಗೆ ಶಾಲು ಹೊದಿಸಿದರು. ಸಣ್ಣ ಗುಂಪುಗಳಲ್ಲಿ ಕೂತು ಕೇಳಿದ ಕತೆ ಮಕ್ಕಳ ಮನಸ್ಸಿಗಿಳಿದು, ಅಲ್ಲಿಂದ ತಂದೆತಾಯಿಗಳ ಮನಸ್ಸಿಗೇರಿದ ಪರಿಯನ್ನು ಮುಖ್ಯ ಅತಿಥಿಗಳು ವಿವರಿಸಿದರು. ಕೂಸುಗಳ ಅಳುವಿನಲ್ಲಿ ಭಾಷಣ ಪೂರ್ತಿ ಕೇಳಿಸಲಿಲ್ಲ. ಚಪ್ಪಾಳೆ ಮಾತ್ರ ಜೋರಾಗಿತ್ತು.

ಆ ವರ್ಷ ಬಿಳಿಗುಂಡಿಯ ಸೂಲಗಿತ್ತಿ ಕಾಡವ್ವ, ಒಬ್ಬಳಿಂದ ಕೆಲಸ ಸಾಗದೆ, ಸೊಸೆಯನ್ನೂ ಜೊತೆಗೆ ಕರೆದುಕೊಂಡು ಹೋಗತೊಡಗಿದ್ದಳು.