ದೇವಿಯ ಪಾಲಾದ ಶಾಲು

ಟ್ರೆಬಿಯಸ್‌ಗೆ ಇಡೀ ಊರಿನ ಮೇಲೆ ಸಿಟ್ಟು ಬಂದಿತ್ತು. ಊರ ಸ್ನಾನದಮನೆಯಲ್ಲಿ ಮೈಗೆ ಎಣ್ಣೆ ಹಚ್ಚಿ ಕೆರೆಸಿಕೊಂಡು, ಬಿಸಿನೀರಲ್ಲಿ ಕೂತು ಅವರಿವರ ಮನೆಯ ಜಗಳಗಳನ್ನೆಲ್ಲ ವಿಚಾರಿಸಿಕೊಂಡು ಹೊರಗೆ ಬಂದರೆ, ಬಟ್ಟೆಯ ಗೂಡಿನಲ್ಲಿ ಅವನ ಉಣ್ಣೆಯ ಶಾಲೇ ಇಲ್ಲ! ಅದೇನು ಅಂತಿಂಥ ಶಾಲೇ? ಮಾವ ಒಪ್ಪಿಯಸ್ ಕೊಟ್ಟಿದ್ದು. ಮಾವನೋ, ಕೊಟ್ಟ ವಸ್ತುವಿನ ಬೆನ್ನಿಗೇ ಬಂದು "ಎಲ್ಲಿ, ತೋರಿಸಿ" ಎನ್ನುವ ಆಸಾಮಿ. "ಶಾಲನ್ನು ಚೆನ್ನಾಗಿ ಇಟ್ಟುಕೊಂಡಿದ್ದರೆ ಚಳಿಗಾಲದ ಹಬ್ಬಕ್ಕೆ ಒಂದು ಹೇಸರಗತ್ತೆ ಕೊಡಿಸ್ತೀನಿ" ಎಂದು ಮಾತು ಕೊಟ್ಟಿದ್ದರು. ಎಣ್ಣೆ ವ್ಯಾಪಾರಿಯಾದ ಟ್ರೆಬಿಯಸ್ ಎಣ್ಣೆಯ ಗಡಿಗೆಗಳನ್ನು ಹೊತ್ತು ಗುಡ್ಡ ಹತ್ತಿ ಹತ್ತಿ ತಾನೇ ಹೇಸರಗತ್ತೆಯಾಗಿದ್ದ.

"ಅಪ್ಪ ಬಂದು ಕೇಳಿದ್ರೆ ಏನಂತೀರಿ? ಗಾಳಿ ಹೊದ್ಕೊಂಡಿದೀನಿ ಅಂತೀರಾ?" ಎಂದಳು ಹೆಂಡತಿ ಒಪ್ಪಿಯಾ.

"ನೋಡ್ತಿರು. ಕದ್ದವನನ್ನ ದೇವಿಗೇ ಹಿಡಿದುಕೊಡ್ತೀನಿ!"

ಬಿಸಿನೀರ ಬುಗ್ಗೆಯ ದೇವಿಯ ಗುಡಿ ಪಕ್ಕದಲ್ಲೇ ಒಬ್ಬ ಸೀಸದ ತಗಡಿನ ಮೇಲೆ ಶಾಪ ಗೀರಿಕೊಡುತ್ತಿದ್ದ.

"ಸಾಧಾರಣದ್ದು ಸಾಕೋ, ಜೋರಿಂದು ಬೇಕೋ?"

"ಜೋರಿಂದೇ."

"ಕಣ್ಣಿಗೋ, ಹೊಟ್ಟೆಗೋ?"

"ಹೊಟ್ಟೆಗೆ. ನಿದ್ದೆಗೂ ಸೇರಿಸು. ಕದ್ದವನಿಗೆ ಮಾತ್ರ ಅಲ್ಲ, ಶಾಲು ಕೈತಪ್ಪೋದಕ್ಕೆ ಕಾರಣ ಆದವರಿಗೂ ತಗುಲಬೇಕು." (ಇದು ಸ್ನಾನದಮನೆಯ ಗೂಡಿನ ಮುಂದೆ ಗೊರಕೆ ಹೊಡೆಯುತ್ತಿದ್ದ ಕಾವಲುಗಾರನಿಗೆ ವಿಶೇಷ ಕೊಡುಗೆ.)

ಬರೆದವನು ಗಟ್ಟಿಯಾಗಿ ಓದಿದ: "ಒಯ್ದವರೂ ಕಾರಣರಾದವರೂ ಗಂಡಾಗಲಿ ಹೆಣ್ಣಾಗಲಿ, ಒಡೆಯನಾಗಲಿ ಆಳಾಗಲಿ, ಶಾಲನ್ನು ಗುಡಿಗೆ ಒಪ್ಪಿಸುವ ತನಕ ಅವರಿಗೆ ನಿದ್ದೆ ಹತ್ತದಿರಲಿ, ಹೊಟ್ಟೆ ಕಟ್ಟಿಹೋಗಲಿ. ಶಾಲು ಇಂದಿನಿಂದ ದೇವಿಯದು."

"ಅಯ್ಯೋ, ದೇವಿಯದು ಯಾಕೆ? ಶಾಲು ನನ್ನದಲ್ವಾ?"

"ನಿಮ್ಮ ಶಾಲು ಹೋದ್ರೆ ದೇವಿಗೇನ್ರೀ ನಷ್ಟ? ತನ್ನದು ಅಂದ್ರೆ ತಾನೇ ಓಡಾಡ್ತಾಳೆ. ಎಲ್ಲರೂ ಹೀಗೇ ಬರೆಸೋದು."

ಅದೂ ಸರಿ ಎನ್ನಿಸಿತು. ಟ್ರೆಬಿಯಸ್ ತಗಡನ್ನು ಸುರುಳಿ ಸುತ್ತಿಸಿ, ಮೊಳೆ ಹೊಡೆಸಿ, ದೇವಿ ಓದಿಕೊಳ್ಳಲೆಂದು ಕುದಿಯುವ ಬುಗ್ಗೆಗೆ ಎಸೆದು ಬಂದ.

ಅಂದಿನಿಂದಲೇ ಶಾಪ ಕೆಲಸ ಶುರುಮಾಡಿತು. ಆದರೆ ಟ್ರೆಬಿಯಸ್‌ನ ಮೇಲೆ. ಕಣ್ಣು ಮುಚ್ಚಿದರೆ ನಿದ್ದೆಯಿಲ್ಲ. ಬೆಳಗಾದರೆ ಊರ ಪಾಯಿಖಾನೆಯ ಕಲ್ಲುಸಾಲಿನಲ್ಲಿ ಹೋಗಿ ಕೂತದ್ದೇ ಬಂತು. ಪಕ್ಕದಲ್ಲಿ ಕೂತವರು ರಥದ ಪಂದ್ಯ, ಗೋಧಿಯ ಧಾರಣೆ ಎಲ್ಲ ಮಾತಾಡಿ ಮುಗಿಸಿ, ಒರೆಸಿಕೊಳ್ಳಲು ಎಲ್ಲರಿಗೂ ಸೇರಿ ಇಟ್ಟಿದ್ದ ಕೋಲು-ಸ್ಪಂಜನ್ನು ನೀರಲ್ಲಿ ಅದ್ದಿಟ್ಟು ಎದ್ದು ಹೋದರು. ಇವನು ಕೂತೇ ಇದ್ದ. ಒಪ್ಪಿಯಾ ಬೇಯಿಸಿದ ಎಲೆಕೋಸು ತಿನ್ನಿಸಿದಳು, ಅಂಜೂರ ತಿನ್ನಿಸಿದಳು. ಏನೂ ಪ್ರಯೋಜನವಾಗಲಿಲ್ಲ.

ಹೀಗಿರುವಾಗ ಅಗಸ ಡಾಮಾ ಬಾಗಿಲಿಗೆ ಬಂದ. ಕೈಯಲ್ಲಿ ಶಾಲು!

"ಏನಣ್ಣಾ, ಒಗೆಯೋಕೆ ಕೊಟ್ಟು ಹೋದೋನು ಈ ಕಡೆ ತಲೆನೇ ಹಾಕ್ಲಿಲ್ಲ?"

ಅಗಸರ ವಾಡಿಕೆಯಂತೆ, ಬೀದಿಮೂಲೆಯ ಗಡಿಗೆಗಳಲ್ಲಿ ಊರವರು ಹೊಯ್ದ ಉಚ್ಚೆಯಲ್ಲೇ ನೆನೆಸಿ ತುಳಿದಿದ್ದ ಶಾಲು ಹಾಲಿನಂತೆ ಬೆಳ್ಳಗಾಗಿತ್ತು.

"ಅವತ್ತು ಸ್ನಾನಕ್ಕೆ ಹೋಗ್ತಾ ಡಾಮಾನ ಅಂಗಡಿಗೆ ಹಾಕಿ ಅಂತ ನಾನೇ ಹೇಳಿ ಕಳಿಸಿರ್ಲಿಲ್ವೇನ್ರೀ? ನಂಗೂ ಈಗ್ಲೇ ನೆನಪಾಯ್ತು!" ಒಪ್ಪಿಯಾ ಹಣೆ ಚಚ್ಚಿಕೊಂಡಳು.

ಹೌದು. ಡಾಮಾನ ಜೊತೆ ಪಂದ್ಯದ ಕುದುರೆಗಳ ಬಗ್ಗೆ ವಾದ ಮಾಡುತ್ತಾ ಮಾಡುತ್ತಾ ಶಾಲು ಕೊಟ್ಟದ್ದು ಮರೆತೇಹೋಗಿತ್ತು.

"ಹೋಗ್ಲಿ ಬಿಡೇ, ಸಿಕ್ತಲ್ಲ. ಇನ್ನು ಹೇಸರಗತ್ತೆ ನಮ್ದೇ!" ಎಂದು ಶಾಲು ಹೊದ್ದ. ಹೊಟ್ಟೆಯನ್ನು ಯಾರೋ ಹಿಂಡಿದಂತಾಯಿತು.

"ಕಾರಣ ಆದವರಿಗೂ ತಗುಲಲಿ ಅಂತ ಬರೆಸಿದ್ದು ಯಾರು?" ಎಂದಳು ಒಪ್ಪಿಯಾ.

"ಅದು ಕಾವಲುಗಾರನಿಗೆ ಕಣೇ..."

"ದೇವಿಗೆ ಓದೋಕೆ ಬರುತ್ತೆ, ನಿಮ್ಮ ಮನಸ್ಸಲ್ಲಿರೋದು ಹೇಗೆ ಗೊತ್ತಾಗ್ಬೇಕು? ಅವಳ ಸೊತ್ತು ಅವಳಿಗೆ ಕೊಟ್ಟು ಬನ್ನಿ."

"ಆ ತಗಡನ್ನೇ ಈಚೆ ತೆಗೆದ್ರೆ?"

"ಕುದಿಯೋ ನೀರಿಗೆ ಕೈ ಹಾಕ್ತೀರಾ? ಹಾಕಿ, ನಂಗೇನು."

ಟ್ರೆಬಿಯಸ್ ಅಳುಮೋರೆ ಹಾಕಿಕೊಂಡು ಶಾಲನ್ನು ಗುಡಿಗೆ ಒಪ್ಪಿಸಿದ. ಮೆಟ್ಟಿಲು ಇಳಿಯುವಷ್ಟರಲ್ಲಿ ದೇವಿ ಪ್ರಸನ್ನಳಾದಳು. ಅಲ್ಲಿಂದ ಪಾಯಿಖಾನೆಯ ತನಕ ಅವನು ಓಡಿದ ಓಟವನ್ನು ಪಂದ್ಯದ ಕುದುರೆಗಳೂ ಓಡಿರಲಿಕ್ಕಿಲ್ಲ.

ಹಬ್ಬಕ್ಕೆ ಮಾವ ಬಂದರು. ಅಳಿಯನ ಬರಿಮೈ ನೋಡಿದರು. ಟ್ರೆಬಿಯಸ್ ಬೈಗುಳಕ್ಕೆ ಸಿದ್ಧನಾಗಿ ತಲೆತಗ್ಗಿಸಿದ. ಮಾವ ಬಂದು ತಬ್ಬಿಕೊಂಡರು.

"ಅಳಿಯಂದ್ರೇ, ಗುಡೀಲಿ ನೋಡಿದೆ! ಈ ಚಳೀಲಿ ಮೈಮೇಲಿನ ಶಾಲನ್ನೇ ದೇವಿಗೆ ಕೊಟ್ಟಿದೀರಲ್ಲ! ಎಂಥಾ ಭಕ್ತಿ!"

ಟ್ರೆಬಿಯಸ್‌ಗೆ ಹೋದ ಜೀವ ಬಂದಂತಾಯಿತು. ಮೆಲ್ಲಗೆ ಬಾಗಿಲಾಚೆ ಇಣುಕಿ ಕೇಳಿದ, "ಮಾವ... ಆ ಹೇಸರಗತ್ತೆ?"

"ನಿಮ್ಮ ಮನಸ್ಸು ನಂಗೆ ಗೊತ್ತಾಗಲ್ವೇ? ನಾನು ನಿಮಗೆ ಕೊಡೋದು, ನೀವು ಅದನ್ನ ದೇವಿಗೆ ಕೊಡೋದು, ಸುಮ್ನೆ ಎರಡೆರಡು ಓಡಾಟ. ಬರ್ತಾ ದಾರೀಲೇ ನಿಮ್ಮ ಹೆಸರಲ್ಲಿ ಗುಡಿಗೆ ಒಪ್ಪಿಸಿ ಬಂದೆ!"

ಮರುದಿನ ಟ್ರೆಬಿಯಸ್ ನಡುಗುತ್ತಾ ಎಣ್ಣೆಯ ಗಡಿಗೆ ಹೊತ್ತು ಗುಡ್ಡ ಹತ್ತಿದ. ಗುಡಿಯ ಮುಂದೆ ಹೇಸರಗತ್ತೆ ಬಿಸಿಲು ಕಾಯಿಸುತ್ತಾ ಹುಲ್ಲು ಮೇಯುತ್ತಿತ್ತು. ಚಳಿಯಾದೀತೆಂದು ಯಾರೋ ಅದಕ್ಕೆ ಆ ಬೆಳ್ಳನೆಯ ಶಾಲನ್ನೇ ಹೊದಿಸಿದ್ದರು.